ಹುಳಿಗೆ ಹನ್ನೆರಡು ಪದ

ಮಾರ್ಚ್ 3, ಸೋಮವಾರ

ಅಮ್ಮನಿಗೆ ಪಾರ್ಶ್ವವಾಯು ಬಡಿದು ಇವತ್ತಿಗೆ ಹದಿನೈದು ದಿನ. ಬೆಳಿಗ್ಗೆ ಅವಳನ್ನು ಮೂರನೇ ಮಹಡಿಯ ಪುನಶ್ಚೇತನ ವಾರ್ಡಿಗೆ ತಂದರು. ಎಂಟು ಹಾಸಿಗೆ, ಅಮ್ಮನದು ಕಿಟಕಿ ಪಕ್ಕದ್ದು. ಬಲಗೈ, ಬಲಗಾಲು ಸುಮ್ಮನಿವೆ. ಮಾತಿಲ್ಲ. ನುಂಗಲಾಗುವುದಿಲ್ಲವಾದ್ದರಿಂದ ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ನಳಿಗೆಯಲ್ಲೇ ಊಟ. ಊಟ ಎಂದರೆ ಹಾಲಿನ ಬಣ್ಣದ ಒಂದು ದ್ರವ, ದಿನಕ್ಕೆ ಆರು ಸಲ.

ದೊಡ್ಡ ಡಾಕ್ಟರು ಬಂದರು. ಅವರ ಹಿಂದೆ ನಾಲ್ಕು ಜನ ಕಿರಿಯ ಡಾಕ್ಟರರು, ಬಾತುಕೋಳಿಯ ಮರಿಗಳ ಹಾಗೆ.

"ನೋಡಿ, ಈ ವಾರ್ಡಲ್ಲಿರೋದೇ ಎಂಟು ಬೆಡ್ಡು. ಹೇಳಿದ್ದು ಅರ್ಥ ಆಗಿ ಅಭ್ಯಾಸ ಮಾಡೋರಿಗೆ ಮಾತ್ರ. ಇಪ್ಪತ್ತೊಂದನೇ ತಾರೀಖು ನಾನೇ ಪರೀಕ್ಷೆ ಮಾಡ್ತೀನಿ. ಅರ್ಥ ಆಗ್ತಿದೆ ಅಂತಾದ್ರೆ ಇನ್ನೂ ಆರು ವಾರ ಇಟ್ಕೊಂಡು ನುಂಗೋದು, ಮಾತಾಡೋದು ಕಲಿಸ್ತೀವಿ. ಇಲ್ಲ ಅಂದ್ರೆ ಹೊಟ್ಟೆಗೇ ಒಂದು ಖಾಯಂ ನಳಿಗೆ ಹಾಕಿ ಕಳಿಸ್ತೀವಿ. ಆಮೇಲೆ ನೀವು ಯಾವುದಾದ್ರೂ ಆರೈಕೆ ಮನೆ ನೋಡ್ಕೋಬೇಕು."

"ಸರಿ ಡಾಕ್ಟ್ರೇ, ಥ್ಯಾಂಕ್ಸ್" ಅಂದೆ. ಯಾವುದಕ್ಕೆ ಥ್ಯಾಂಕ್ಸ್ ಎಂದು ಆಮೇಲೆ ಲಿಫ್ಟಿನಲ್ಲಿ ಯೋಚಿಸಿದೆ.

ಈ ಖಾಲಿ ಪುಸ್ತಕವನ್ನು ಕೆಳಗಿನ ಔಷಧಿ ಅಂಗಡಿಯ ಪಕ್ಕ ಕೊಂಡೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್ಮಿನಲ್ಲಿ, ಅದೂ ಅಮ್ಮ ಇಂಗ್ಲಿಷ್ ಕಲಿಸುತ್ತಿದ್ದ ಶಾಲೆಯಲ್ಲಿ. ಆದರೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರೂ ಅಂಚಿನಲ್ಲಿ ಅಮ್ಮನ ಕೆಂಪು ಇಂಕು ಕಾಣಿಸುತ್ತದೆ. ಕನ್ನಡದಲ್ಲಿ ನಾನು ಪಾಸೋ ಫೇಲೋ ಇದುವರೆಗೂ ಯಾರೂ ಹೇಳಿಲ್ಲ.

ಮಾರ್ಚ್ 4, ಮಂಗಳವಾರ

ಮಾತು ಕಲಿಸುವ ಥೆರಪಿಸ್ಟ್ ಚಿಕ್ಕ ಹುಡುಗಿ. ಇಪ್ಪತ್ತೇಳು ಇದ್ದೀತು. ನಡೆದರೆ ಶೂ ಕಿಚಕಿಚ ಎನ್ನುತ್ತದೆ. "ನಿಮ್ಮಮ್ಮ ಹೇಗೆ ಮೇಡಂ, ನಗ್ತಾ ನಗಿಸ್ತಾ ಇರೋರಾ?" ಎಂದು ಕೇಳಿದಳು.

ಏನೆಂದು ಹೇಳಲಿ? ಮೂವತ್ತೊಂದು ವರ್ಷ ಶಾಲೆಯ ಮಕ್ಕಳು ಅಮ್ಮನನ್ನು ಕರೆದದ್ದು ಆಸಿಡ್ ಮಿಸ್ ಎಂದು. "ಸ್ವಲ್ಪ ಸ್ಟ್ರಿಕ್ಟು" ಅಂದೆ.

"ಸ್ವಲ್ಪ!" ಎಂದು ಔಷಧಿಯ ಗಾಡಿಯ ಹಿಂದಿನಿಂದ ಯಾರೋ ನಕ್ಕರು. ವಾರ್ಡಿನ ಹಿರಿಯ ಸಿಸ್ಟರ್. ಅವರೂ ಅಮ್ಮನ ಶಿಷ್ಯೆಯಂತೆ. "ನಾನು ಬರೆದ ಪ್ರಬಂಧ ಇಡೀ ಕ್ಲಾಸಿಗೆ ತೋರಿಸಿ ‘ಇದನ್ನ ಬರೆಯೋವಾಗ ಎದ್ದಿದ್ದೆಯಾ, ಮಲಗಿದ್ದೆಯಾ?’ ಅಂದಿದ್ರು. ಇಪ್ಪತ್ತಾರು ವರ್ಷ ಆಯ್ತು. ಇವತ್ತಿಗೂ ಡ್ಯೂಟಿ ನೋಟ್ಸ್ ಬರೆಯೋಕೆ ಕೂತ್ರೆ ನಿದ್ದೆ ಹತ್ರ ಸುಳಿಯಲ್ಲ."

ನಾನೂ ನಕ್ಕೆ. ನಾನು ಚಿಕ್ಕಂದಿನಲ್ಲೇ ತೀರ್ಮಾನ ಮಾಡಿದ್ದೆ, ಏನು ಬೇಕಾದರೂ ಆಗುತ್ತೇನೆ, ಅಮ್ಮನಂತೆ ಮಾತ್ರ ಆಗುವುದಿಲ್ಲ ಎಂದು. ಗೀಸರ್, ವಾಷಿಂಗ್ ಮೆಷಿನ್ ಮಾಡುವ ಕಂಪನಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಬೆಂಕಿಯುಗುಳುವ ಪತ್ರಗಳಿಗೆ ಬೆಣ್ಣೆಯಿಂದ ಕೂದಲೆಳೆದ ಹಾಗೆ ಉತ್ತರ ಬರೆಯುವುದೇ ನನ್ನ ಕೆಲಸ. ನಲವತ್ತಾರು ವರ್ಷದಲ್ಲಿ ಯಾರ ಮೇಲೂ ಧ್ವನಿ ಏರಿಸಿಲ್ಲ. ಹೆಮ್ಮೆ ಎಂದೇ ಇಟ್ಟುಕೊಳ್ಳೋಣ.

ಮಾರ್ಚ್ 6, ಗುರುವಾರ

ಮಾತಿಲ್ಲದವರಿಗೆ ಬೋರ್ಡು ಮಾಡಿಕೊಟ್ಟರೆ ಬೆರಳಿಟ್ಟು ತೋರಿಸುತ್ತಾರಂತೆ. ಥೆರಪಿಸ್ಟ್ ಹೇಳಿದ ಹಾಗೆ ಆಫೀಸಿನಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ ತಂದೆ. ಹನ್ನೆರಡು ಚೌಕ. ನೀರು, ನೋವು, ಹೌದು, ಬೇಡ, ದಯವಿಟ್ಟು, ಥ್ಯಾಂಕ್ಯೂ, ಚೆನ್ನಾಗಿದೆ, ಹೀಗೆ. ಪ್ರತಿ ಚೌಕಕ್ಕೂ ಒಂದು ನಗುವ ಮುಖ. ನೋಡಲು ಮುದ್ದಾಗಿತ್ತು.

"ಅಜ್ಜೀ, ನೀರು ತೋರಿಸಿ ನೋಡೋಣ? ಗುಡ್ ಗರ್ಲ್ ಅಲ್ವಾ ನೀವು?" ಎಂದಳು ಥೆರಪಿಸ್ಟ್.

ಅಮ್ಮ ಬೋರ್ಡನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಎಡಗೈ ಹೊದಿಕೆಯ ಮೇಲಿಂದ ಎದ್ದೇಳಲಿಲ್ಲ.

ಹನ್ನೆರಡಕ್ಕೆ ಸೊನ್ನೆ.

ಮಾರ್ಚ್ 7, ಶುಕ್ರವಾರ

ಇವತ್ತು ಬೋರ್ಡು ನೆಲಕ್ಕೆ ಬಿತ್ತು. ಜಾರಿತೋ ಎಸೆದಳೋ ಎಂದು ಥೆರಪಿಸ್ಟ್ ಕೇಳಿದಾಗ ಜಾರಿತು ಅಂದೆ. ಮಂಚದಿಂದ ಬಾಗಿಲವರೆಗೆ ಹೇಗೆ ಜಾರುತ್ತದೆಂದು ಅವಳು ಕೇಳಲಿಲ್ಲ, ಪಾಪ. ಅವಳ ಪರವಾಗಿ ನಾನೇ ಅಮ್ಮನನ್ನು ಗದರಬೇಕಿತ್ತೇನೋ. ಬದಲಿಗೆ ಅಮ್ಮನ ಪರವಾಗಿ ಅವಳ ಕ್ಷಮೆ ಕೇಳಿದೆ.

ಹಾಸಿಗೆಯ ಕಾಲಬಳಿ ತೂಗುಹಾಕಿದ ಫೈಲಿನಲ್ಲಿ ದೊಡ್ಡ ಡಾಕ್ಟರ ಬರಹ: "ಅರ್ಥವಾಗುವ ಲಕ್ಷಣವಿಲ್ಲ. ಸಹಕರಿಸುವುದಿಲ್ಲ." ಇಂಗ್ಲಿಷಿನಲ್ಲಿ, ಎರಡು ಚಿಕ್ಕ ವಾಕ್ಯ. ಅರ್ಥವೇ ಆಗದವಳು ಸಹಕರಿಸಲಿಲ್ಲ ಎಂದು ದೂರುವುದು ಹೇಗೆ? ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅವರು ನೂರಾರು ರೋಗಿಗಳನ್ನು ಕಂಡವರು.

ಮಾರ್ಚ್ 9, ಭಾನುವಾರ

ತಮ್ಮ ಬಂದಿದ್ದ. ಅವನ ಊರಿನಿಂದ ಇಲ್ಲಿಗೆ ನಾಲ್ಕು ಗಂಟೆಯ ದಾರಿ. ಅಮ್ಮನ ಕೈ ಹಿಡಿದು ಸ್ವಲ್ಪ ಹೊತ್ತು ಕೂತ. ಅವಳು ಕಣ್ಣು ಬಿಟ್ಟದ್ದೇ ತಡ, ಕೈ ಬಿಟ್ಟ. ನಲವತ್ತು ದಾಟಿದರೂ ಹೋಮ್‌ವರ್ಕ್ ಮರೆತುಬಂದವನ ಮುಖ.

ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ, "ಅಕ್ಕಾ, ನಂಗೂ ಕಷ್ಟಾನೇ. ಆದ್ರೆ ಅಮ್ಮ ಒಳಗೆ ಇಲ್ಲ ಅಂತ ಡಾಕ್ಟ್ರೇ ಹೇಳ್ತಿದಾರೆ. ಒಂದು ಒಳ್ಳೇ ಆರೈಕೆ ಮನೆ ನೋಡಿದೀನಿ. ಫಾರಂ ತಂದಿದೀನಿ. ಇಬ್ರದ್ದೂ ಸಹಿ ಬೇಕು" ಅಂದ.

"ಇಪ್ಪತ್ತೊಂದಾಗ್ಲಿ" ಅಂದೆ.

"ಆಮೇಲೆ ಅಲ್ಲಿ ಜಾಗ ಇರಲ್ಲ ಅಕ್ಕಾ."

ಫಾರಮನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಸಹಿ ಹಾಕಿಲ್ಲ, ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಅಮ್ಮ ಒಳಗಿಲ್ಲ ಎಂದರೆ ಬೋರ್ಡು ಎಸೆದವರು ಯಾರು? ಈ ಪ್ರಶ್ನೆ ಬಸ್ಸಿನಲ್ಲಿ ಹೊಳೆಯಿತು, ಅವನು ಹೋದ ಮೇಲೆ. ನನಗೆ ಮಾತು ಯಾವಾಗಲೂ ಬಸ್ಸಿನಲ್ಲೇ ಬರುವುದು.

ಮಾರ್ಚ್ 11, ಮಂಗಳವಾರ

ನುಂಗುವ ಸ್ನಾಯುಗಳನ್ನು ಎಬ್ಬಿಸಲು ಹುಳಿ ಒಳ್ಳೆಯದಂತೆ. ಥೆರಪಿಸ್ಟ್ ಹತ್ತಿ ಸುತ್ತಿದ ಕಡ್ಡಿಯನ್ನು ತಣ್ಣನೆಯ ನಿಂಬೆರಸದಲ್ಲಿ ಅದ್ದಿ, ಒಂದು ತೊಟ್ಟೂ ಉಳಿಯದಂತೆ ಹಿಂಡಿ, ಅಮ್ಮನ ನಾಲಿಗೆಗೆ ಮುಟ್ಟಿಸಿದಳು. ಅಮ್ಮನ ಮುಖ ಒಮ್ಮೆಲೇ ಮುದುಡಿ, ಗಂಟಲು ಮೇಲೆ ಕೆಳಗೆ ಆಯಿತು.

"ನುಂಗಿದ್ರು! ನೋಡಿದ್ರಾ ಮೇಡಂ, ನುಂಗಿದ್ರು!"

ನಾನು ನೋಡಿದ್ದು ಬೇರೆ. ಅಮ್ಮನ ಎಡಗೈ ಎದ್ದು, ಹೆಬ್ಬೆರಳು ತೋರುಬೆರಳು ಸೇರಿ, ಗಾಳಿಯಲ್ಲಿ ಒಂದು ಸಲ ಆಡಿತು. ಸೀಮೆಸುಣ್ಣ ಹಿಡಿದ ಬೆರಳು. ಉತ್ತರಕ್ಕೆ ಕಾಯುವಾಗ ಅವಳು ಮಾಡುತ್ತಿದ್ದುದು ಹಾಗೇ.

ಎಂಟನೇ ಕ್ಲಾಸು ನೆನಪಾಯಿತು. ಅಮ್ಮ ಮೇಜಿನ ಮೇಲೆ ಸಾಲಾಗಿ ತಟ್ಟೆ ಇಟ್ಟಿದ್ದಳು. ನಿಂಬೆ, ವಿನೆಗರ್, ಹುಳಿಬಂದ ಮೊಸರು, ಹಸಿರು ಸೇಬು, ಕುದಿದು ಕಪ್ಪಾದ ಟೀ. ಒಬ್ಬೊಬ್ಬರೂ ಬಂದು ರುಚಿ ನೋಡಿ ಇಂಗ್ಲಿಷಿನಲ್ಲಿ ಒಂದು ಪದ ಹೇಳಬೇಕು, ಹೇಳಿದ ಪದ ಮತ್ತೆ ಹೇಳುವಂತಿಲ್ಲ. ನಾನು ಐದಕ್ಕೂ ‘ಸೌರ್’ ಅಂದೆ. "ನಿನ್ನ ನಾಲಿಗೆಗೆ ಎಲ್ಲಾ ಒಂದೇನಾ? ಹೋಗಿ ಕೂತ್ಕೋ" ಅಂದಳು. ಮಗಳೆಂದು ರಿಯಾಯಿತಿ ಇರಲಿಲ್ಲ. ಆಮೇಲೆ ಆ ಪದಗಳನ್ನು ನೂರು ಸಲ ಬರೆಸಿದಳು. ಅವೆಲ್ಲ ಈಗಲೂ ಬಾಯಿಪಾಠ.

ಮಾರ್ಚ್ 12, ಬುಧವಾರ

ಬೋರ್ಡು ಮಾಡುವಾಗ ನಾನು ಯಾರಿಗೆ ಮಾಡುತ್ತಿದ್ದೇನೆಂದು ಯೋಚಿಸಿರಲೇ ಇಲ್ಲ. ಹುಟ್ಟಿದಂದಿನಿಂದ ‘ದಯವಿಟ್ಟು’ ಎನ್ನದವಳ ಕೈಗೆ ‘ದಯವಿಟ್ಟು’ ಕೊಟ್ಟಿದ್ದೇನೆ, ಮೇಲೊಂದು ನಗುವ ಮುಖ. ದೂರು ವಿಭಾಗದವರು ಮಾತ್ರ ಮಾಡುವ ತಪ್ಪು. ಎಲ್ಲರ ಮಾತನ್ನೂ ನಯ ಮಾಡಿ ಮಾಡಿ ಅಮ್ಮನದನ್ನೂ ಮಾಡಲು ಹೋದೆ.

ಹಳೆಯ ಬೋರ್ಡಿನ ಹಿಂಬದಿಗೆ ಬಿಳಿ ಹಾಳೆ ಅಂಟಿಸಿ, ದಪ್ಪ ಪೆನ್ನಿನಲ್ಲಿ ಹುಳಿಗೂ ಹುಳಿ ಸ್ವಭಾವಕ್ಕೂ ಸಲ್ಲುವ ಹನ್ನೆರಡು ಇಂಗ್ಲಿಷ್ ಪದ ಬರೆದೆ. ಸೌರ್, ಟಾರ್ಟ್, ಆಸಿಡ್, ಶಾರ್ಪ್, ಟ್ಯಾಂಗಿ, ವಿನೆಗರಿ, ಅಸ್ಟ್ರಿಂಜೆಂಟ್, ಆಕ್ರಿಡ್, ಅಸರ್ಬಿಕ್, ಕಾಸ್ಟಿಕ್, ಬೈಟಿಂಗ್, ಕ್ರ್ಯಾಬಿ. ಚಿತ್ರವಿಲ್ಲ, ಬಣ್ಣವಿಲ್ಲ.

"ಇದೇನು ಮೇಡಂ?" ಎಂದು ಥೆರಪಿಸ್ಟ್ ಹೌಹಾರಿದಳು. "ನೀರು, ನೋವೇ ತೋರಿಸದವ್ರಿಗೆ ಇದನ್ನ..."

"ಒಂದು ಸಲ" ಅಂದೆ.

ನಿಂಬೆಯ ಕಡ್ಡಿ ಮುಟ್ಟಿಸಿದಳು. ಅಮ್ಮ ಬೋರ್ಡನ್ನು ನೋಡಿದಳು, ಉತ್ತರಪತ್ರಿಕೆ ನೋಡುವ ಹಾಗೆ, ಮೇಲಿನಿಂದ ಕೆಳಕ್ಕೆ. ಎಡಗೈ ನಿಧಾನಕ್ಕೆ ಎದ್ದಿತು. ಬೆರಳು ‘ಆಸಿಡ್’ ಮೇಲೆ ನಿಂತಿತು. ನಿಂತು, ಒಂದು ಸಲ ಕುಟ್ಟಿತು.

ಕಣ್ಣಲ್ಲಿ ನೀರು ಬಂತು. ಅಮ್ಮನಿಗೆ ಕಾಣಬಾರದೆಂದು ಕಿಟಕಿಗೆ ಮುಖ ಮಾಡಿದೆ. ಅಳು ಅವಳಿಗೆ ಆಗುತ್ತಿರಲಿಲ್ಲ.

ಮಾರ್ಚ್ 13, ಗುರುವಾರ

"ಒಂದು ಸಲ ಆಗಿದ್ದು ಆಕಸ್ಮಿಕ ಇರ್ಬಹುದು ಮೇಡಂ. ಡಾಕ್ಟ್ರು ಒಪ್ಪಲ್ಲ" ಎಂದಳು ಥೆರಪಿಸ್ಟ್. ಸರಿಯಾದ ಮಾತು. ನನಗೂ ಅದೇ ಅನುಮಾನ ಇದ್ದದ್ದರಿಂದ ಮನೆಯಿಂದ ವಿನೆಗರ್, ಟೀ ಡಿಕಾಕ್ಷನ್, ಸೇಬಿನ ರಸ, ಮೊಸರಿನ ತಿಳಿ ಚಿಕ್ಕ ಚಿಕ್ಕ ಬಾಟಲಿಗಳಲ್ಲಿ ತಂದಿದ್ದೆ. ಎಲ್ಲವೂ ಹಿಂಡಿದ ಕಡ್ಡಿಯಲ್ಲೇ, ನಾಲಿಗೆಯ ತುದಿಗೆ ಮಾತ್ರ.

ಸೇಬಿಗೆ ಟಾರ್ಟ್. ಮೊಸರಿಗೆ ಸೌರ್. ಟೀಗೆ ಅಸ್ಟ್ರಿಂಜೆಂಟ್, ನಾವು ಒಗರು ಅನ್ನುವುದು. ವಿನೆಗರಿಗೆ ವಿನೆಗರಿ ಎಂದು ತೋರಿಸುತ್ತಾಳೆಂದುಕೊಂಡಿದ್ದೆ. ಆ ಪದವನ್ನು ಸೋಮಾರಿಯ ಉತ್ತರವೆಂಬಂತೆ ದಾಟಿ ‘ಶಾರ್ಪ್’ ಮೇಲೆ ಬೆರಳಿಟ್ಟಳು.

ಹಿರಿಯ ಸಿಸ್ಟರ್ ಸುದ್ದಿ ಕೇಳಿ ಓಡಿ ಬಂದರು. "ಮಿಸ್, ನನ್ನ ಗುರ್ತು ಸಿಕ್ತಾ? ನಾನು, ನಿದ್ದೆ ಪ್ರಬಂಧ!" ಅಮ್ಮ ಅವರ ಮುಖವನ್ನೂ ಬಿಗಿಯಾದ ಕೊರಳಪಟ್ಟಿಯನ್ನೂ ನೋಡಿ, ‘ಕ್ರ್ಯಾಬಿ’ಯನ್ನು ಕುಟ್ಟಿದಳು. ಸಿಡುಕಿ ಎಂದು. ಸಿಸ್ಟರ್ ಬಾಯಿಗೆ ಕೈ ಇಟ್ಟುಕೊಂಡು ನಕ್ಕು ನಕ್ಕು ಸುಸ್ತಾದರು. "ಕೇಳಿ ನಮ್ಮ ಮನೆಯವ್ರನ್ನ! ಅವರೂ ದಿನಾ ಇದನ್ನೇ ಅನ್ನೋದು."

ಮಾರ್ಚ್ 14, ಶುಕ್ರವಾರ

ಬಸ್ಸಿನಲ್ಲಿ ಒಂದು ಯೋಚನೆ. ನಮ್ಮಲ್ಲಿ ಕೋಪವೆಲ್ಲ ಬೆಂಕಿಯ ಕಡೆಯದು. ಸಿಡುಕು, ಕಿಡಿ, ಉರಿಮೋರೆ, ಕೆಂಡ. ಉರಿಯುತ್ತದೆ, ಆರುತ್ತದೆ. ಇಂಗ್ಲಿಷಿನವರಿಗೆ ಅದರ ಜೊತೆಗೆ ಇನ್ನೊಂದು ಜಾತಿ ಇದೆ, ಹುಳಿಯದು. ಅದು ಆರುವುದಿಲ್ಲ, ಸೀಸೆಯಲ್ಲಿಟ್ಟರೆ ವರ್ಷಗಟ್ಟಲೆ ಇರುತ್ತದೆ, ಬೇರೆಯದನ್ನೂ ಕೆಡದಂತೆ ಇಡುತ್ತದೆ. ಅಮ್ಮನ ಕೋಪ ಆ ಜಾತಿಯದು. ಅವಳು ಕೂಗಿದ್ದನ್ನು ನಾನು ಕೇಳಿಯೇ ಇಲ್ಲ. ಮೆಲುದನಿಯಲ್ಲಿ ಒಂದು ವಾಕ್ಯ, ಅಷ್ಟೇ. ಅದು ತಗುಲಿದವರು ಇಪ್ಪತ್ತಾರು ವರ್ಷ ಎಚ್ಚರ.

ಅವಳೇ ಹೇಳಿಕೊಟ್ಟದ್ದು: ಆಸಿಡ್, ಆಕ್ರಿಡ್ ಎಂಬವಕ್ಕೂ, ಚುರುಕುಬುದ್ಧಿಗೆ ಅವರನ್ನುವ ಅಕ್ಯುಮೆನ್ ಎಂಬುದಕ್ಕೂ ಲ್ಯಾಟಿನ್ನಿನ ಆಳದಲ್ಲಿ ಬೇರು ಒಂದೇ, ಮೊನೆ ಎಂಬ ಅರ್ಥದ್ದು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಇದ್ದದ್ದು ಹೆಮ್ಮೆ ಎಂದು ಆಗ ತಿಳಿಯಲಿಲ್ಲ. ಬೆಂಚಿನ ಕೆಳಗೆ ತಲೆ ಬಗ್ಗಿಸಿ, ಇವಳು ನನ್ನ ಅಮ್ಮ ಅಲ್ಲ ಅನ್ನೋ ಹಾಗೆ ಕೂತಿದ್ದೆ.

ಮಾರ್ಚ್ 16, ಭಾನುವಾರ

ತಮ್ಮನಿಗೆ ಫೋನ್ ಮಾಡಿ ಹುಳಿಯ ವಿಷಯ ಹೇಳಿದೆ.

"ಅಕ್ಕಾ, ನೀನು ನಿನಗೆ ಬೇಕಾದ ಹಾಗೆ ಅಂದ್ಕೋತಿದೀಯ. ಫಾರಂ ಏನ್ಮಾಡ್ದೆ?"

"ಹರಿದೆ."

"ಏನು?"

"ಅದರಲ್ಲಿ ರೋಗಿಗೆ ಪ್ರಜ್ಞೆ ಇಲ್ಲ ಅಂತ ಮೊದಲೇ ಅಚ್ಚು ಹಾಕಿದಾರೆ. ನೀನು ಓದ್ದೆಯಾ, ಓದದೇ ತಂದೆಯಾ?"

"ಓದಿರ್ಲಿಲ್ಲ" ಅಂದ. ನೆಟ್‌ವರ್ಕ್ ಸರಿಯಿರಲಿಲ್ಲವೋ ಏನೋ, ಧ್ವನಿ ತೀರಾ ಚಿಕ್ಕದಾಗಿ ಕೇಳಿಸಿತು. ಫೋನಿಟ್ಟು ತಿರುಗಿದರೆ ನಮ್ಮ ಯಜಮಾನರು ಕೈಯಲ್ಲಿ ಪೇಪರ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. "ಒಂದು ಕ್ಷಣ ಅತ್ತೆ ಬಂದ್ರೇನೋ ಅಂದ್ಕೊಂಡೆ" ಅಂದರು. ಇವರ ಕಿವಿಯನ್ನು ಒಂದು ಸಲ ಡಾಕ್ಟರಿಗೆ ತೋರಿಸಬೇಕು.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಆಫೀಸು. ಗೀಸರಿನ ಬಗ್ಗೆ ದೂರು ಬರೆಯುತ್ತಿದ್ದ ಒಬ್ಬ ಹೆಂಗಸಿನ ಐದನೇ ಪತ್ರ ಬಂದಿತ್ತು. ಉತ್ತರ ಬರೆದು ಸಹಿಗೆ ಕಳಿಸಿದೆ: "ತಪ್ಪು ನಮ್ಮದು. ಗುರುವಾರ ಹೊಸ ಗೀಸರ್ ತಂದು ಹಾಕುತ್ತಾರೆ."

ಸೆಕ್ಷನ್ನಿನ ಮುಖ್ಯಸ್ಥರು ಪತ್ರ ಹಿಡಿದುಕೊಂಡು ನನ್ನ ಮೇಜಿಗೇ ಬಂದರು. "ಇಷ್ಟೇನಾ? ‘ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಲ್ಲಿ?"

"ನಾಲ್ಕು ಸಲ ವಿಷಾದಿಸಿದ್ದೀವಿ ಸಾರ್. ಬಿಸಿನೀರು ಬರ್ಲಿಲ್ಲ."

ಸಹಿ ಹಾಕಿದರು. ಹುಷಾರಿಲ್ಲವಾ ಎಂದು ವಿಚಾರಿಸಿದರು. ಒಳ್ಳೆಯ ಮನುಷ್ಯ.

ಮಧ್ಯಾಹ್ನ ವಾರ್ಡಿನಲ್ಲಿ ಥೆರಪಿಸ್ಟ್ ಬಾಯ್ತಪ್ಪಿ "ಗುಡ್ ಗರ್ಲ್" ಎಂದುಬಿಟ್ಟಳು. ಅಮ್ಮನ ಬೆರಳು ಚರ್ಮ ಸುಡುವ ‘ಕಾಸ್ಟಿಕ್’ನತ್ತ ಹೋಗುವಷ್ಟರಲ್ಲಿ ನಾನೇ ಅಂದೆ, "ಮಿಸ್ ಅಂತ ಕರಿ. ಅವಳಿಗೆ ಎಪ್ಪತ್ತು ವರ್ಷ, ಎರಡಲ್ಲ." ಹುಡುಗಿ ಕೆಂಪಾದಳು, ಆದರೆ ಆ ಗಳಿಗೆಯಿಂದ ಮಿಸ್ ಅನ್ನುತ್ತಿದ್ದಾಳೆ. ಅಮ್ಮ ಇವತ್ತು ಇಪ್ಪತ್ತು ಸಲ ನುಂಗಿದಳು.

ಮಾರ್ಚ್ 20, ಗುರುವಾರ

ನಾಳೆ.

ಮಾರ್ಚ್ 21, ಶುಕ್ರವಾರ

ಪೂರ್ತಿ ಬರೆದಿಡಬೇಕು, ಒಂದು ಮಾತೂ ತಪ್ಪದಂತೆ.

ಹತ್ತು ಗಂಟೆಗೆ ದೊಡ್ಡ ಡಾಕ್ಟರು, ಅವರ ನಾಲ್ಕು ಮರಿಗಳು, ಥೆರಪಿಸ್ಟ್, ಹಿರಿಯ ಸಿಸ್ಟರ್. ತಮ್ಮನೂ ಬಂದಿದ್ದ, ಗೋಡೆಗೆ ಒರಗಿ ನಿಂತಿದ್ದ. ಅಮ್ಮನಿಗೆ ತಲೆ ಬಾಚಿ, ಕನ್ನಡಕ ಹಾಕಿ, ದಿಂಬಿಗೆ ಒರಗಿಸಿ ಕೂರಿಸಿದ್ದೆ.

"ಅಜ್ಜೀ, ಕಣ್ಣು ಮುಚ್ಚಿ" ಎಂದರು ಡಾಕ್ಟರು, ಕಿವುಡರಿಗೆ ಹೇಳುವಷ್ಟು ಗಟ್ಟಿಯಾಗಿ. ಅಮ್ಮ ಅವರನ್ನೇ ನೋಡುತ್ತಾ ಇದ್ದಳು, ರೆಪ್ಪೆ ಬಡಿಯದೆ. "ಬಾಗಿಲು ಎಲ್ಲಿದೆ, ತೋರ್ಸಿ ನೋಡೋಣ?" ಅಮ್ಮ ನೋಡುತ್ತಲೇ ಇದ್ದಳು. "ನಿಮ್ಮ ಮೂಗು ಎಲ್ಲಿ ಅಜ್ಜೀ?" ಅದಕ್ಕೆ ಅವಳು ಡಾಕ್ಟರ ಮೂಗನ್ನು ನೋಡಿದಳು.

ಡಾಕ್ಟರು ನನ್ನ ಕಡೆ ತಿರುಗಿ ಮೃದುವಾಗಿ, "ನೋಡಿದ್ರಲ್ಲ. ನಿಮ್ಮ ಆಸೆ ನಂಗೆ ಅರ್ಥ ಆಗುತ್ತೆ, ಆದ್ರೆ..." ಅಂದರು. ಪೆನ್ನು ತೆಗೆದರು.

"ಪೆನ್ನು ಕೆಳಗಿಡಿ ಡಾಕ್ಟ್ರೇ" ಅಂದೆ. "ಬಾಗಿಲು ಎಲ್ಲಿದೆ ಅನ್ನೋದು ನಿಮಗೂ ಗೊತ್ತು, ಅವಳಿಗೂ ಗೊತ್ತು. ಗೊತ್ತಿರೋದನ್ನ ಕೇಳಿದ್ರೆ ಮೂವತ್ತೊಂದು ವರ್ಷ ಮಕ್ಕಳಿಗೇ ಉತ್ತರ ಕೊಟ್ಟವಳಲ್ಲ. ಕೇಳೋ ಯೋಗ್ಯತೆ ಇರೋ ಪ್ರಶ್ನೆ ಕೇಳಿ."

ನಾನು ಬಾಟಲಿಗಳನ್ನು ಟ್ರೇಯಲ್ಲಿಟ್ಟು, ಏನು ಮಾಡಬೇಕೆಂದು ಹೇಳಿದೆ. ಡಾಕ್ಟರು ಗಡಿಯಾರ ನೋಡಿದರು. ನಾನೂ ನೋಡಿದೆ. "ನಾಲ್ಕು ನಿಮಿಷ ಸಾಕು. ಬಾಟಲಿ ಹಿಂದೆ ಮುಂದೆ ನೀವೇ ಮಾಡಿ. ನಾನು ಬೆನ್ನು ಹಾಕಿ ನಿಂತಿರ್ತೀನಿ, ಆಮೇಲೆ ಮಗಳು ಕಣ್ಸನ್ನೆ ಮಾಡಿದ್ಲು ಅನ್ಬಾರ್ದು."

"ಆದ್ರೆ ಟೀ ಕಂದು, ಮೊಸರು ಬಿಳಿ. ಕಣ್ಣಿಗೆ ಗೊತ್ತಾಗಿಬಿಡುತ್ತಲ್ಲ" ಎಂದ ಮರಿಗಳಲ್ಲಿ ಒಬ್ಬ. ಜಾಣ.

"ಅಮ್ಮಾ, ಕಣ್ಣು ಮುಚ್ಕೋ. ಇವರು ನಿನ್ನನ್ನ ನಂಬ್ತಿಲ್ಲ" ಅಂದೆ.

ತಕ್ಷಣ ಮುಚ್ಚಿದಳು. ಥೆರಪಿಸ್ಟ್ "ಸಾರ್, ಮುಚ್ಚಿದ್ರು, ಹೇಳಿದ ತಕ್ಷಣ ಮುಚ್ಚಿದ್ರು!" ಎಂದು ಅಲ್ಲೇ ಗುರುತು ಹಾಕಿಕೊಂಡಳು. ನಾನು ಗೋಡೆಗೆ ಮುಖ ಮಾಡಿದೆ. ಎದುರಿಗೆ ತಮ್ಮ. ಅವನ ಮುಖದಲ್ಲೇ ನಾನು ಎಲ್ಲ ನೋಡಿದ್ದು.

ನಾಲಿಗೆಗೆ ಕಡ್ಡಿ, ಆಮೇಲೆ ಕಣ್ಣು ತೆರೆದು ಬೋರ್ಡು. ಪ್ರತಿ ಸಲವೂ ಹಾಗೆ. ಬೆರಳು ಕುಟ್ಟುವ ಸದ್ದು ಕೇಳುತ್ತಿತ್ತು, ಸಿಸ್ಟರ್ ಗಟ್ಟಿಯಾಗಿ ಓದುತ್ತಿದ್ದರು. ಟಾರ್ಟ್. ಅಸ್ಟ್ರಿಂಜೆಂಟ್. ಆಸಿಡ್. ತಮ್ಮನ ಬಾಯಿ ತೆರೆದೇ ಇತ್ತು. ಶಾರ್ಪ್. ಸೌರ್. ಡಾಕ್ಟರು ಬಾಟಲಿಗಳನ್ನು ಮತ್ತೆ ಹಿಂದೆ ಮುಂದೆ ಮಾಡಿದರು. ಮತ್ತೆ ಐದಕ್ಕೆ ಐದು. "ಆಕಸ್ಮಿಕ ಅಂದ್ರೆ ಇಷ್ಟು ಸಲ..." ಎಂದು ಜಾಣಮರಿ ಲೆಕ್ಕ ಹಾಕಲು ಶುರುಮಾಡಿತು.

"ಇನ್ನೊಂದು" ಎಂದರು ಡಾಕ್ಟರು.

ಈ ಸಲ ಕುಟ್ಟುವ ಸದ್ದು ಬರಲಿಲ್ಲ. ಎಣಿಸಿದೆ, ಹತ್ತು, ಹದಿನೈದು. ತಮ್ಮನ ಮುಖ ಇಳಿಯಿತು. ಅಮ್ಮನ ಬೆರಳು ಬೋರ್ಡಿನ ಮೂಲೆ ಮೂಲೆಗೂ ಹೋಗಿ ಬರುತ್ತಿತ್ತೆಂದು ಆಮೇಲೆ ಸಿಸ್ಟರ್ ಹೇಳಿದರು. ಕೊನೆಗೆ ಅವಳು ಬೋರ್ಡನ್ನೇ ಪಕ್ಕಕ್ಕೆ ತಳ್ಳಿದಳಂತೆ.

"ಇದು ಆಗ್ಲಿಲ್ಲ ನೋಡಿ" ಎಂದರು ಡಾಕ್ಟರು.

ಆಗ ಕೇಳಿಸಿತು. ಒರಟಾಗಿ, ಒಂದು ತಿಂಗಳು ಬೀಗ ಹಾಕಿದ ಬಾಗಿಲು ತೆಗೆದ ಹಾಗೆ.

"ಸಪ್ಪೆ."

ತಿರುಗಿ ನೋಡಿದೆ. ಅಮ್ಮನ ಕಣ್ಣು ಡಾಕ್ಟರ ಮೇಲಿತ್ತು. ಅವರ ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಅದನ್ನು ಅದ್ದಿದ್ದ ಕುಡಿಯುವ ನೀರಿನ ಲೋಟ. ಹನ್ನೆರಡು ಪದದಲ್ಲಿ ನೀರಿಗೊಂದು ಪದವಿರಲಿಲ್ಲ, ಆದ್ದರಿಂದ ತನ್ನದನ್ನೇ ತಂದಳು. ಅದೂ ಕನ್ನಡದಲ್ಲಿ. ಶಾಲೆಯ ಗೇಟಿನೊಳಗೆ ಕನ್ನಡ ಮಾತಾಡಿದರೆ ನಮ್ಮನ್ನು ಹೊರಗೆ ನಿಲ್ಲಿಸುತ್ತಿದ್ದವಳು.

ತಮ್ಮ ಗೋಡೆಗೆ ಆತುಕೊಂಡು ಅಳುತ್ತಿದ್ದ. ಸಿಸ್ಟರ್ ಚಪ್ಪಾಳೆ ತಟ್ಟಿದರು. ಡಾಕ್ಟರು, ಅವರದು ದೊಡ್ಡ ಮನಸ್ಸೇ ಎನ್ನಬೇಕು, ಮೊದಲ ಸಲ ಅಮ್ಮನ ಎತ್ತರಕ್ಕೆ ಬಗ್ಗಿ, "ಕ್ಷಮಿಸಿ ಮಿಸ್. ನೀರು ಕೊಟ್ಟು ಮೋಸ ಮಾಡಿದೆ" ಅಂದರು. ಫೈಲಿನಲ್ಲಿ ಆರು ವಾರ ಎಂದು ಬರೆದರು. ಹೊಟ್ಟೆಯ ನಳಿಗೆ ಬೇಡ ಎಂದು ಬರೆದರು. ಬರೆದು ಹೊರಡುತ್ತಾ, "ತುಂಬಾ ಹಟಮಾರಿ ನಿಮ್ಮಮ್ಮ" ಎಂದು ನಕ್ಕರು.

"ಹಟಮಾರಿ ಅಲ್ಲ ಡಾಕ್ಟ್ರೇ. ಪದ ನೋಡಿ ಆರಿಸಿ." ಫೈಲನ್ನು ಹಿಂದಕ್ಕೆ ತಿರುವಿ ಏಳನೇ ತಾರೀಖಿನ ಹಾಳೆ ತೆಗೆದು ಅವರ ಮುಂದೆ ಹಿಡಿದೆ. "ಇಲ್ಲೂ ಎರಡು ತಪ್ಪಿದಾವೆ. ಅರ್ಥವಾಗುವ ಲಕ್ಷಣವಿಲ್ಲ, ಒಂದು. ಸಹಕರಿಸುವುದಿಲ್ಲ, ಎರಡು. ಹೊಡೆದುಹಾಕಿ ಸಹಿ ಮಾಡಿ. ನಾಳೆ ಇನ್ಯಾರೋ ಬಂದು ಇದನ್ನೇ ಓದಿ ನಂಬ್ತಾರೆ."

ಎರಡನ್ನೂ ಹೊಡೆದುಹಾಕಿದರು. ಸಹಿ ಮಾಡಿದರು. ತಾರೀಖು ಮರೆತಿದ್ದರು, ಅದನ್ನೂ ಹಾಕಿಸಿದೆ. ಅಮ್ಮ ಕನ್ನಡಕದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು. ತಲೆ ಒಂದು ಸಲ ಕೆಳಕ್ಕೆ ಹೋಗಿ ಮೇಲೆ ಬಂತು. ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಮೂರು ವರ್ಷ ಅವಳ ಮುಂದೆ ಕೂತಿದ್ದೇನೆ. ನನ್ನ ಪಾಲಿಗೆ ಆ ತಲೆ ಹಾಗೆ ಆಡಿದ್ದು ಇವತ್ತೇ. ಅವಳ ಮಗಳು ನಾನು ಎಂದು ಆ ಎಂಟೂ ಹಾಸಿಗೆಯವರಿಗೆ ಕೂಗಿ ಹೇಳಬೇಕೆನ್ನಿಸಿತು.

ಕೂಗಲಿಲ್ಲ. ಇಡೀ ಹೊತ್ತು ನಾನು ಧ್ವನಿ ಏರಿಸಲೇ ಇಲ್ಲ, ಎಂದಿನ ಹಾಗೆ ಸಮಾಧಾನವಾಗಿಯೇ ಇದ್ದೆ. ತಮ್ಮನಿಗೆ ಟೀ ತರಲು ಹೊರಗೆ ಬಂದರೆ ಕಾರಿಡಾರಿನಲ್ಲಿ ನಾಲ್ವರು ಕಿರಿಯ ಡಾಕ್ಟರರೂ ಗೋಡೆಗೆ ಬೆನ್ನು ಒತ್ತಿ ದಾರಿ ಬಿಟ್ಟರು. ಅಷ್ಟೊಂದು ಜಾಗ ನನಗೇನೂ ಬೇಕಿರಲಿಲ್ಲ.